ಮೇಜಿನ ಮೇಲೆ ಸರಿ, ಬೆಲ್ಟಿನ ಮೇಲೆ ತಪ್ಪು: ಅಡಿಕೆ ವಿಂಗಡಿಸುವ ಕ್ಯಾಮೆರಾದ ದೋಷ ಪತ್ತೆ

ಸುಲಿದ ಚಾಲಿ ಅಡಿಕೆಯನ್ನು, ಅಂದರೆ ಬಿಳಿ ಅಡಿಕೆಯನ್ನು, ಬೆಲ್ಟಿನ ಮೇಲೆ ಹರಿಸಿ, ಮೇಲಿಂದ ಕ್ಯಾಮೆರಾದಲ್ಲಿ ನೋಡಿ, ಬಿರುಕು ಬಿಟ್ಟ ಪಟೋರವನ್ನೂ ಕಪ್ಪಾದ ಕರಿಗೋಟನ್ನೂ ಗಾಳಿಯ ನಳಿಕೆಯಿಂದ ಊದಿ ಬೇರ್ಪಡಿಸುವ ಯಂತ್ರವನ್ನು ಈಗ ಸಣ್ಣ ವರ್ಕ್‌ಶಾಪಿನಲ್ಲೂ ಜೋಡಿಸಬಹುದು. ಚಿತ್ರದಲ್ಲಿ ಯಾವ ವಸ್ತು ಎಲ್ಲಿದೆ ಎಂದು ಗುರುತಿಸಲು ಫೋಟೋಗಳಿಂದ ಕಲಿಯುವ ಯೋಲೋ ಕುಟುಂಬದ ಒಂದು ಮಾಡೆಲ್, ಸಾಧಾರಣ ಕ್ಯಾಮೆರಾ, ಅಂಗೈಯಗಲದ ಕಂಪ್ಯೂಟರ್ ಬೋರ್ಡು ಇದ್ದರೆ ಆಯಿತು. ಜೋಡಿಸುವುದಕ್ಕಿಂತ ಕಷ್ಟವಾದದ್ದು ಮುಂದಿನ ಕೆಲಸ. ಲ್ಯಾಪ್‌ಟಾಪಿನಲ್ಲಿ ಫೋಟೋ ಕೊಟ್ಟರೆ ಒಂದೊಂದು ಅಡಿಕೆಯನ್ನೂ ಸರಿಯಾಗಿ ಗುರುತಿಸುವ ಅದೇ ಮಾಡೆಲ್ ಬೆಲ್ಟಿನ ಮೇಲೆ ಪಟೋರವನ್ನು ಬಿಡುತ್ತದೆ, ಒಳ್ಳೆ ಅಡಿಕೆಯನ್ನು ಊದಿ ಎಸೆಯುತ್ತದೆ.

ಆಗ ಎಲ್ಲರೂ ಮಾಡುವುದು ಒಂದೇ: ಇನ್ನಷ್ಟು ಫೋಟೋ ತೆಗೆದು, ಮಾಡೆಲ್‌ಗೆ ಮತ್ತೆ ತರಬೇತಿ ಕೊಡುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಇಂಥ ಯಂತ್ರಗಳಲ್ಲಿ ದೋಷ ಬಹಳ ಸಲ ಮಾಡೆಲ್‌ನ ಹೊರಗೇ ಇರುತ್ತದೆ. ಚಿತ್ರ ಅದರ ತನಕ ತಲುಪುವ ದಾರಿಯಲ್ಲೋ, ಅದು ಕೊಟ್ಟ ಉತ್ತರ ನಳಿಕೆಯ ತನಕ ಹೋಗುವ ದಾರಿಯಲ್ಲೋ, ಇಲ್ಲವೇ ನಾವು ಅಂಕ ಕೊಟ್ಟ ರೀತಿಯಲ್ಲೋ. ದಾರಿಯಲ್ಲಿ ತಪ್ಪು ಉಳಿದಿರುವಾಗ ಮತ್ತೆ ತರಬೇತಿ ಕೊಟ್ಟರೆ ಫಲಿತಾಂಶ ಸ್ವಲ್ಪ ಸುಧಾರಿಸಿದಂತೆ ಕಾಣುತ್ತದೆ, ನಿಜವಾದ ಕಾರಣ ಇನ್ನಷ್ಟು ಆಳಕ್ಕೆ ಹೋಗಿ ಕೂರುತ್ತದೆ.

ಮುಂದಿನ ಲೆಕ್ಕಗಳಿಗೆಲ್ಲ ಒಂದು ಮಾದರಿ ಯಂತ್ರವನ್ನು ಇಟ್ಟುಕೊಳ್ಳೋಣ. ಬೆಲ್ಟಿನ ಅಗಲ 600 ಮಿ.ಮೀ., ವೇಗ ಸೆಕೆಂಡಿಗೆ ಅರ್ಧ ಮೀಟರ್, ಕ್ಯಾಮೆರಾ 1920×1080 ಪಿಕ್ಸೆಲ್, ಮಾಡೆಲ್‌ಗೆ ಹೋಗುವ ಚಿತ್ರ 640×640, ಅಡಿಕೆಯ ಅಡ್ಡಳತೆ ಸುಮಾರು 28 ಮಿ.ಮೀ. ನಿಮ್ಮ ಯಂತ್ರದ ಅಳತೆ ಬೇರೆ ಇದ್ದರೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕದ ದಾರಿ ಅದೇ.

ಮೊದಲ ಪರೀಕ್ಷೆ: ಮಾಡೆಲ್ ನೋಡುವ ಚಿತ್ರವನ್ನು ನೀವೂ ನೋಡಿ

ಪರದೆಯಲ್ಲಿ ಕಾಣುವ ವೀಡಿಯೋ ಸಾಲದು. ಮಾಡೆಲ್‌ಗೆ ಕೊಡುವ ಕೊನೆಯ ಕ್ಷಣದ ಅಂಕಿಗಳ ಸರಣಿಯನ್ನೇ ಹಿಡಿದು, ಮತ್ತೆ ಚಿತ್ರವಾಗಿ ಬರೆದು, ತೆರೆದು ನೋಡಬೇಕು. ಈ ಒಂದು ಕೆಲಸದಿಂದಲೇ ಎಷ್ಟೋ ದೋಷಗಳು ಹೊರಬೀಳುತ್ತವೆ.

ಅಡಿಕೆ ನೀಲಿ ಛಾಯೆಗೆ ತಿರುಗಿದ್ದರೆ ಬಣ್ಣದ ಕ್ರಮ ತಿರುಗಿದೆ ಎಂದರ್ಥ. ಚಿತ್ರಗಳನ್ನು ಓದಲು ವಾಡಿಕೆಯಾಗಿ ಬಳಸುವ ಓಪನ್‌ಸಿವಿ ತಂತ್ರಾಂಶ ಚಿತ್ರವನ್ನು ನೀಲಿ-ಹಸಿರು-ಕೆಂಪು ಕ್ರಮದಲ್ಲಿ ಓದುತ್ತದೆ, ಹೆಚ್ಚಿನ ಮಾಡೆಲ್‌ಗಳು ಕಲಿತಿರುವುದು ಕೆಂಪು-ಹಸಿರು-ನೀಲಿ ಕ್ರಮದಲ್ಲಿ. ಈ ದೋಷಕ್ಕೊಂದು ಗುರುತು ಇದೆ. ಅಡಿಕೆ ಎಲ್ಲಿದೆ ಎಂಬುದು ಸರಿಯಾಗಿಯೇ ಬರುತ್ತದೆ, ಆಕಾರಕ್ಕೆ ಬಣ್ಣದ ಹಂಗು ಕಡಿಮೆ. ಕರಿಗೋಟೂ ಹೆಚ್ಚು ತಪ್ಪುವುದಿಲ್ಲ, ಕಪ್ಪಿಗೆ ಹತ್ತಿರದ ಬಣ್ಣದಲ್ಲಿ ಕೆಂಪು-ನೀಲಿ ಅದಲುಬದಲಾದರೂ ಅಂಥ ವ್ಯತ್ಯಾಸ ಆಗುವುದಿಲ್ಲ. ಕಂದು ಮತ್ತು ನಸುಗೆಂಪು ಛಾಯೆಗಳನ್ನು ನೋಡಿ ಹೇಳಬೇಕಾದ ದರ್ಜೆಗಳು ಮಾತ್ರ ಕಲಸಿಹೋಗುತ್ತವೆ. ಹೀಗೆ ಕೆಲವು ದರ್ಜೆ ಸರಿ, ಕೆಲವು ತಪ್ಪು ಬರುವುದರಿಂದಲೇ ಇದನ್ನು ತರಬೇತಿಯ ಕೊರತೆ ಎಂದು ಭಾವಿಸುವವರು ಹೆಚ್ಚು.

ಆ ಸರಣಿಯ ಅತಿ ಚಿಕ್ಕ ಮತ್ತು ಅತಿ ದೊಡ್ಡ ಬೆಲೆಯನ್ನೂ ಮುದ್ರಿಸಿ ನೋಡಿ. 0ಯಿಂದ 1ರ ನಡುವಿನ ಅಂಕಿಗಳಲ್ಲಿ ಕಲಿತ ಮಾಡೆಲ್‌ಗೆ 0ಯಿಂದ 255ರ ಅಂಕಿ ಕೊಟ್ಟರೆ ಒಂದೋ ಏನೂ ಕಾಣುವುದಿಲ್ಲ, ಇಲ್ಲವೇ ಎಲ್ಲವೂ ಒಂದೇ ದರ್ಜೆಯಾಗಿ ಭಾರೀ ಖಚಿತತೆಯಿಂದ ಬರುತ್ತದೆ. ಇಮೇಜ್‌ನೆಟ್ ಎಂಬ ದೊಡ್ಡ ಚಿತ್ರಸಂಗ್ರಹದ ಬಣ್ಣಗಳ ಸರಾಸರಿಗಳಾದ 0.485, 0.456, 0.406 ಕಳೆದು ಕಲಿಸಿದ ಮಾಡೆಲ್ ಆಗಿದ್ದರೆ ಬೋರ್ಡಿನಲ್ಲೂ ಅವನ್ನೇ ಕಳೆದಿರಬೇಕು, ಅದರ ಜೊತೆಗಿನ ಭಾಗಾಕಾರವೂ ಅದೇ ಇರಬೇಕು.

ಆಮೇಲೆ ಬೆಲ್ಟಿನ ಒಂದೇ ಒಂದು ಫ್ರೇಮನ್ನು ಪಿಎನ್‌ಜಿಯಾಗಿ ಉಳಿಸಿ. ಜೆಪೆಗ್ ಬೇಡ, ಅದನ್ನು ಬಿಚ್ಚುವಾಗ ಎರಡು ಯಂತ್ರಗಳಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಆ ಕಡತವನ್ನು ಲ್ಯಾಪ್‌ಟಾಪಿನಲ್ಲೂ ಬೋರ್ಡಿನಲ್ಲೂ ಓಡಿಸಿ, ಮಾಡೆಲ್‌ಗೆ ಹೋಗುವ ಎರಡು ಸರಣಿಗಳನ್ನು ಒಂದರಿಂದ ಒಂದು ಕಳೆಯಿರಿ. ಉತ್ತರ ಸೊನ್ನೆಯ ಹತ್ತಿರ ಇಲ್ಲದಿದ್ದರೆ ದೋಷ ಚಿತ್ರ ಸಿದ್ಧಪಡಿಸುವ ಹಂತದಲ್ಲಿದೆ. ಸೊನ್ನೆಯೇ ಬಂದರೆ ಮಾಡೆಲ್‌ನ ಉತ್ತರಗಳನ್ನು ಹಾಗೆಯೇ ಕಳೆದು ನೋಡಿ. ಅಲ್ಲಿ ವ್ಯತ್ಯಾಸ ಕಂಡರೆ ಮಾಡೆಲ್‌ನೊಳಗಿನ ಅಂಕಿಗಳನ್ನು ಕಡಿಮೆ ನಿಖರತೆಯ 8-ಬಿಟ್‌ಗೆ ಇಳಿಸಿದ್ದು ಕಾರಣವಿರಬಹುದು. ಬೋರ್ಡಿನಲ್ಲಿ ಬೇಗ ಓಡಲೆಂದು ಹೀಗೆ ಇಳಿಸುವಾಗ ಅಂಕಿಗಳ ವ್ಯಾಪ್ತಿ ಅಳೆಯಲು ಒಂದಷ್ಟು ಮಾದರಿ ಚಿತ್ರ ಕೊಡಬೇಕಾಗುತ್ತದೆ. ಆ ಚಿತ್ರಗಳು ಅಂತರ್ಜಾಲದಿಂದ ತಂದವಾಗಿದ್ದರೆ ವ್ಯಾಪ್ತಿಯೇ ತಪ್ಪುತ್ತದೆ, ಖಚಿತತೆ ಎಲ್ಲ ಕಡೆ ಕುಸಿಯುತ್ತದೆ. ನಿಮ್ಮ ಬೆಲ್ಟಿನದೇ ಕೆಲವು ನೂರು ಫ್ರೇಮ್ ಕೊಟ್ಟು ಮತ್ತೆ ಇಳಿಸಿ. ಎರಡೂ ಕಡೆ ವ್ಯತ್ಯಾಸ ಇಲ್ಲವೆಂದರೆ ಲ್ಯಾಪ್‌ಟಾಪೂ ಬೋರ್ಡೂ ಒಂದನ್ನೇ ಹೇಳುತ್ತಿವೆ. ಆಗ ಚಿತ್ರದ ಗುಣವನ್ನೂ, ಉತ್ತರ ಬಂದ ಮೇಲಿನ ಹಂತಗಳನ್ನೂ ನೋಡಬೇಕು.

ಬಾಕ್ಸ್ ಅಡಿಕೆಯ ಮೇಲೆ ಕೂರುತ್ತಿಲ್ಲ

ಬಾಕ್ಸ್ ಎಂದರೆ ಅಡಿಕೆ ಎಲ್ಲಿದೆ ಎಂದು ತೋರಿಸಲು ಮಾಡೆಲ್ ಎಳೆಯುವ ಚೌಕಟ್ಟು. ಅದು ಯಾವ ಕಡೆಗೆ, ಎಷ್ಟು ಸರಿದಿದೆ ಎಂಬುದೇ ಕಾರಣವನ್ನು ಹೇಳುತ್ತದೆ, ಹಾಗಾಗಿ ಅಳೆದು ನೋಡಿ. 1920×1080ರ ಚಿತ್ರವನ್ನು ಮೂರರಲ್ಲೊಂದು ಪಾಲಿಗೆ ಕುಗ್ಗಿಸಿದರೆ 640×360 ಆಗುತ್ತದೆ. ಉಳಿದ ಜಾಗ ತುಂಬಲು ಮೇಲೆ 140, ಕೆಳಗೆ 140 ಪಿಕ್ಸೆಲ್‌ನ ಬೂದು ಪಟ್ಟಿ ಸೇರಿಸುವುದು ವಾಡಿಕೆ. ಮರಳಿ ಹಿಗ್ಗಿಸುವಾಗ ಈ 140ನ್ನು ಕಳೆಯದಿದ್ದರೆ ಪ್ರತಿ ಬಾಕ್ಸೂ ಮೂಲ ಚಿತ್ರದಲ್ಲಿ 420 ಪಿಕ್ಸೆಲ್ ಕೆಳಗೆ ಹೋಗುತ್ತದೆ, ಎಲ್ಲವೂ ಒಂದೇ ಸಮ. ಇನ್ನೊಂದು ಬಗೆಯಲ್ಲಿ ಬಾಕ್ಸುಗಳು ಚಿತ್ರದ ನಡು ಎತ್ತರದಲ್ಲಿ ಸರಿಯಾಗಿ ಕೂತು, ಮೇಲಂಚು ಕೆಳಂಚುಗಳ ಹತ್ತಿರ ಹೋದಷ್ಟೂ ನಡುವಿನ ಕಡೆಗೆ ಜಗ್ಗಿರುತ್ತವೆ. ಪಟ್ಟಿ ಸೇರಿಸಿ ಕುಗ್ಗಿಸಿದ್ದನ್ನು, ಪಟ್ಟಿಯೇ ಇಲ್ಲವೆಂಬಂತೆ 640ರಿಂದ 1080ಕ್ಕೆ ನೇರ ಹಿಗ್ಗಿಸಿದಾಗ ಹೀಗಾಗುತ್ತದೆ. ನಡುವಿನಲ್ಲಿಟ್ಟ ಒಂದೇ ಅಡಿಕೆಯಿಂದ ಪರೀಕ್ಷಿಸಿದರೆ ಇದು ಕಣ್ಣಿಗೇ ಬೀಳುವುದಿಲ್ಲ, ಪರೀಕ್ಷೆಗೆ ಅಡಿಕೆಯನ್ನು ಮೂಲೆಗಳಲ್ಲಿ ಇಡಿ.

ಪ್ರತಿ ಬಾಕ್ಸೂ ತನ್ನದೇ ಅರ್ಧ ಅಳತೆಯಷ್ಟು ಎಡಕ್ಕೆ, ಮೇಲಕ್ಕೆ ಸರಿದಿದ್ದರೆ ಲೇಬಲ್ ಕಡತದ, ಅಂದರೆ ತರಬೇತಿಯ ಫೋಟೋಗಳಲ್ಲಿ ಯಾವ ಅಡಿಕೆ ಎಲ್ಲಿದೆ ಎಂದು ನಾವು ಬರೆದಿಟ್ಟ ಕಡತದ, ನಮೂನೆ ಅದಲುಬದಲಾಗಿದೆ. ಕೋಕೋ ನಮೂನೆ ಬಾಕ್ಸಿನ ಎಡ ಮೇಲ್ಮೂಲೆಯನ್ನು ಬರೆಯುತ್ತದೆ, ಯೋಲೋ ನಮೂನೆ ನಡುಬಿಂದುವನ್ನು. ಫೋನಿನಲ್ಲಿ ತೆಗೆದ ಕೆಲವು ಫೋಟೋಗಳಲ್ಲಿ ಮಾತ್ರ ಬಾಕ್ಸ್ ಎಲ್ಲೆಲ್ಲೋ ಇದ್ದರೆ ಫೋಟೋದೊಳಗಿನ ದಿಕ್ಕಿನ ಟಿಪ್ಪಣಿಯನ್ನು ಸಂಶಯಿಸಿ. ಲೇಬಲ್ ಹಾಕುವ ತಂತ್ರಾಂಶ ಅದನ್ನು ಓದಿ ಚಿತ್ರವನ್ನು ನೆಟ್ಟಗೆ ಮಾಡಿರುತ್ತದೆ, ತರಬೇತಿಯ ಪೈಥಾನ್ ಕೋಡು ಓದಿರದೆ ಇರಬಹುದು. ಓಪನ್‌ಸಿವಿ ತಾನಾಗಿ ತಿರುಗಿಸಿಕೊಳ್ಳುತ್ತದೆ, ಚಿತ್ರ ಓದುವ ಇನ್ನೊಂದು ತಂತ್ರಾಂಶವಾದ ಪಿಲ್ಲೋಗೆ ನಾವೇ ಹೇಳಬೇಕು.

ಬಾಕ್ಸ್ ಸರಿ, ಹೆಸರು ಮಾತ್ರ ಪ್ರತಿ ಸಲವೂ ಒಂದೇ ರೀತಿಯಲ್ಲಿ ತಪ್ಪು ಎಂದಾದರೆ ದರ್ಜೆಗಳ ಪಟ್ಟಿಯ ಕ್ರಮ ಬದಲಾಗಿದೆ. ಬೇರೇನೂ ಹುಡುಕಬೇಡಿ.

ಪಟೋರ ಮಾತ್ರ ತಪ್ಪಿಸಿಕೊಳ್ಳುತ್ತಿದೆ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಬಿಳಿ ಅಡಿಕೆಯೊಳಗೆ ಪಟೋರ ಬೆರೆತರೆ ಆ ಮೂಟೆಯ ಬೆಲೆಯೇ ಇಳಿಯುತ್ತದೆ. ಯಂತ್ರಕ್ಕೆ ಹಣ ಹಾಕಿದವರು ಮೊದಲು ಕೇಳುವುದೂ ಇದನ್ನೇ.

ಪಿಕ್ಸೆಲ್‌ ಲೆಕ್ಕದಿಂದ ಶುರುಮಾಡಿ. 600 ಮಿ.ಮೀ. ಅಗಲವನ್ನು 1920 ಪಿಕ್ಸೆಲ್ ನೋಡುತ್ತಿದೆ, ಅಂದರೆ ಮಿಲಿಮೀಟರಿಗೆ 3.2 ಪಿಕ್ಸೆಲ್. ಒಂದು ಅಡಿಕೆಗೆ ಸುಮಾರು 90 ಪಿಕ್ಸೆಲ್ ಸಿಕ್ಕಿತು, ಒಂದು ಮಿ.ಮೀ. ಬಿರುಕಿಗೆ ಮೂರು. ಮಾಡೆಲ್‌ಗಾಗಿ ಕುಗ್ಗಿಸಿದ ಮೇಲೆ ಅಡಿಕೆ 30 ಪಿಕ್ಸೆಲ್, ಬಿರುಕು ಒಂದೇ ಪಿಕ್ಸೆಲ್. ಅದಕ್ಕಿಂತ ಸಣ್ಣ ಬಿರುಕು ಪಕ್ಕದ ಬಣ್ಣದೊಂದಿಗೆ ಬೆರೆತು ಇಲ್ಲವಾಗುತ್ತದೆ. ಅಡಿಕೆ ಇದೆ ಎಂದು ಹೇಳಲು 30 ಪಿಕ್ಸೆಲ್ ಧಾರಾಳ ಸಾಕು, ಅದು ಒಡೆದಿದೆ ಎನ್ನಲು ಬೇಕಾದ ಮಾಹಿತಿ ಮಾತ್ರ ಮಾಡೆಲ್‌ನ ಬಾಗಿಲಿಗೇ ಬಂದಿಲ್ಲ. ಎಷ್ಟು ಸಾವಿರ ಫೋಟೋ ಸೇರಿಸಿದರೂ ಇಲ್ಲದ ಪಿಕ್ಸೆಲ್ ಹುಟ್ಟುವುದಿಲ್ಲ.

ಇದೇ ಕಾರಣವೇ ಎಂದು ಖಚಿತಪಡಿಸಿಕೊಳ್ಳುವುದು ಸುಲಭ. ತಪ್ಪಿಹೋದ ಪಟೋರಗಳ ಫ್ರೇಮನ್ನು 640ಕ್ಕೆ ಕುಗ್ಗಿಸಿ, ಪರದೆಯಲ್ಲಿ ದೊಡ್ಡದು ಮಾಡಿ, ಅಡಿಕೆ ಆರಿಸುವ ಅನುಭವಸ್ಥರಿಗೆ ತೋರಿಸಿ. ಅವರ ಕಣ್ಣಿಗೂ ಬಿರುಕು ಕಾಣದಿದ್ದರೆ ಮಾಡೆಲ್‌ಗೂ ಕಾಣುವುದಿಲ್ಲ.

ಪರಿಹಾರ ಎರಡು. ಮೊದಲನೆಯದು, ಕುಗ್ಗಿಸದೆ ಚಿತ್ರವನ್ನು 640×640ರ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೂ ನೋಡುವುದು. ಅಡಿಕೆ ಎರಡು ತುಂಡಿಗೆ ಹಂಚಿಹೋಗಬಾರದು, ಆದ್ದರಿಂದ ಪಕ್ಕದ ತುಂಡುಗಳು ಕನಿಷ್ಠ ಒಂದು ಅಡಿಕೆಯಷ್ಟು ಒಂದರ ಮೇಲೊಂದು ಬರಬೇಕು. ಹೀಗೆ ಅಡ್ಡಕ್ಕೆ ನಾಲ್ಕು ತುಂಡು ಬೇಕಾಗುತ್ತವೆ. ಉದ್ದಕ್ಕೆ ಇಡೀ ಫ್ರೇಮ್ ನೋಡುವ ಅಗತ್ಯವಿಲ್ಲ, 640 ಪಿಕ್ಸೆಲ್‌ನ ಒಂದು ಪಟ್ಟಿ ಎಂದರೆ 200 ಮಿ.ಮೀ. ಬೆಲ್ಟು. ಒಂದು ಅಡಿಕೆ ಆ ಪಟ್ಟಿಯನ್ನು ದಾಟಲು 0.4 ಸೆಕೆಂಡು ಬೇಕು. ಪ್ರತಿ ಅಡಿಕೆಯನ್ನು ಮೂರು ಸಲ ನೋಡಿದರೆ ಸಾಕು ಎಂದುಕೊಂಡರೆ ಸೆಕೆಂಡಿಗೆ ಎಂಟು ಫ್ರೇಮ್ ಸಾಲುತ್ತದೆ. ಸೆಕೆಂಡಿಗೆ ಮೂವತ್ತು ಬೇಕೆಂಬ ಹಟ ಬಿಟ್ಟರೆ ನಾಲ್ಕು ತುಂಡಿನ ಹೊರೆ ಬೋರ್ಡಿಗೆ ಹಗುರವಾಗುತ್ತದೆ.

ಎರಡನೆಯದು ನನಗೆ ಹೆಚ್ಚು ಮೆಚ್ಚುಗೆಯಾದ ದಾರಿ. ಕುಗ್ಗಿಸಿದ ಚಿತ್ರದಲ್ಲಿ ಅಡಿಕೆ ಎಲ್ಲಿದೆ ಎಂದಷ್ಟೇ ಕಂಡುಹಿಡಿಯಿರಿ. ಆ ಜಾಗವನ್ನು ಮೂಲ ಚಿತ್ರದಿಂದ ಪೂರ್ಣ ಪಿಕ್ಸೆಲ್‌ಗಳಲ್ಲಿ ಕತ್ತರಿಸಿ, ದರ್ಜೆ ಹೇಳುವ ಇನ್ನೊಂದು ಚಿಕ್ಕ ಮಾಡೆಲ್‌ಗೆ ಕೊಡಿ. ತಪ್ಪು ಬಂದಾಗ ಯಾವ ಹಂತ ತಪ್ಪಿತು ಎಂಬುದು ಆಗಲೇ ಗೊತ್ತಾಗುತ್ತದೆ. ದೋಷ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಪಿಕ್ಸೆಲ್ ಸಾಕಷ್ಟಿದ್ದೂ ಪಟೋರ ತಪ್ಪುತ್ತಿದ್ದರೆ? ತಪ್ಪಿಹೋದ ಅಡಿಕೆಗಳನ್ನು ಬುಟ್ಟಿಯಿಂದ ಆರಿಸಿ, ಬಿರುಕು ಮೇಲೆ ಬರುವಂತೆ ಒಂದೊಂದನ್ನೂ ಕೈಯಿಂದಲೇ ಇಟ್ಟು ಬೆಲ್ಟ್ ಓಡಿಸಿ. ಈಗ ಹೆಚ್ಚಿನವು ಸಿಕ್ಕಿಬಿದ್ದರೆ ಮಾಡೆಲ್ ನಿರಪರಾಧಿ. ಬಿರುಕು ಅಡಿಯಲ್ಲಿತ್ತು, ಕ್ಯಾಮೆರಾ ಮೇಲಿತ್ತು, ಅಷ್ಟೇ. ಕೈಯಿಂದ ಆರಿಸುವ ಹೆಂಗಸರನ್ನು ಗಮನಿಸಿ ನೋಡಿ, ಅವರ ಬೆರಳು ಅಡಿಕೆಯನ್ನು ಹೊರಳಿಸುತ್ತಲೇ ಇರುತ್ತದೆ. ಹೊರಳಿಸದ ಯಂತ್ರ ಅವರ ಸಮಕ್ಕೆ ಬರಲಾರದು. ಅಡಿಕೆ ಉರುಳುತ್ತ ಸಾಗುವ ರೋಲರ್ ಪಟ್ಟಿ ಹಾಕಿ, ಅಥವಾ ಬೆಲ್ಟಿನ ತುದಿಯಿಂದ ಅಡಿಕೆ ಬೀಳುವಾಗ ಎದುರುಬದುರು ಎರಡು ಕ್ಯಾಮೆರಾದಿಂದ ನೋಡಿ. ಇದು ಮೆಕ್ಯಾನಿಕ್ಕಿನ ಕೆಲಸ, ಕೋಡಿನಲ್ಲಿ ಇದಕ್ಕೆ ಪರಿಹಾರವಿಲ್ಲ.

ಬೆಳಕು ಮತ್ತು ವೇಗ

ನಿಂತ ಬೆಲ್ಟಿನಲ್ಲಿ ಸರಿಯಾಗಿ ಗುರುತಿಸಿ, ಓಡುವ ಬೆಲ್ಟಿನಲ್ಲಿ ತಪ್ಪಿದರೆ ಎಕ್ಸ್‌ಪೋಷರ್, ಅಂದರೆ ಒಂದು ಚಿತ್ರಕ್ಕಾಗಿ ಕ್ಯಾಮೆರಾ ಬೆಳಕು ಹಿಡಿಯುವ ಅವಧಿ, ನೋಡಿ. ಅರ್ಧ ಮೀಟರ್ ವೇಗದಲ್ಲಿ, 1/100 ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ಅಡಿಕೆ 5 ಮಿ.ಮೀ. ಸರಿದಿರುತ್ತದೆ. ಬಿರುಕು ಒಂದು ಮಿ.ಮೀ., ಮಸುಕು ಐದು. 1/2000ಕ್ಕೆ ಇಳಿಸಿದರೆ ಮಸುಕು ಕಾಲು ಮಿ.ಮೀ.ಗೆ ಬರುತ್ತದೆ, ಆದರೆ ಇಪ್ಪತ್ತು ಪಟ್ಟು ಬೆಳಕು ಬೇಕು.

ಇಲ್ಲಿ ಇನ್ನೊಂದು ಗಂಟು ಸೇರಿಕೊಳ್ಳುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿ ಬಲ್ಬೂ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಎಕ್ಸ್‌ಪೋಷರ್ 1/100 ಅಥವಾ 1/50 ಇದ್ದಾಗ ಅದು ಸರಾಸರಿಯಾಗಿ ಕಾಣದೆ ಹೋಗುತ್ತದೆ. ಮಸುಕು ತಪ್ಪಿಸಲು ಎಕ್ಸ್‌ಪೋಷರ್ ಇಳಿಸಿದ ಕೂಡಲೇ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಏಳುತ್ತವೆ, ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಕಂದು. ಬಿಳಿ ಅಡಿಕೆ ಯಾವುದು, ಬಣ್ಣಗೆಟ್ಟದ್ದು ಯಾವುದು ಎಂದು ಕೇಳುತ್ತಿರುವ ಯಂತ್ರಕ್ಕೆ ಇದು ಮಾರಕ. ಡಿಸಿ ಸಪ್ಲೈಯಿಂದ ಉರಿಯುವ ಎಲ್‌ಇಡಿ ಪಟ್ಟಿಯನ್ನು ಬೆಲ್ಟಿಗೆ ಹತ್ತಿರ ಕೂರಿಸಿ, ಸುತ್ತ ಪೆಟ್ಟಿಗೆ ಕಟ್ಟಿ, ಹೊರಗಿನ ಬೆಳಕು ಒಳಗೆ ಬರದಂತೆ ಮಾಡಿ. ಕ್ಯಾಮೆರಾದ ಆಟೋ ಎಕ್ಸ್‌ಪೋಷರನ್ನೂ ಆಟೋ ವೈಟ್ ಬ್ಯಾಲೆನ್ಸನ್ನೂ ಆಫ್ ಮಾಡಿ, ಬೆಲೆಗಳನ್ನು ಕೈಯಿಂದ ಕಟ್ಟಿಹಾಕಿ. ಬೆಳಿಗ್ಗೆ ಸರಿಯಿದ್ದು ಸಂಜೆ ಕೆಡುವ ಯಂತ್ರಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಒಂದಕ್ಕೆ ಎರಡು ಎಣಿಕೆ, ಎರಡಕ್ಕೆ ಒಂದು

ಮಾಡೆಲ್ ಒಂದೇ ಅಡಿಕೆಗೆ ಹಲವು ಬಾಕ್ಸ್ ಹಾಕುತ್ತದೆ. ಹೆಚ್ಚು ಖಚಿತವಾದದ್ದನ್ನು ಇಟ್ಟುಕೊಂಡು, ಅದರ ಮೇಲೆ ಹೆಚ್ಚು ಹಾಸಿಕೊಂಡವನ್ನು ಅಳಿಸುವ ಹಂತಕ್ಕೆ ಎನ್‌ಎಂಎಸ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಒಂದೊಂದು ದರ್ಜೆಯೊಳಗೆ ಬೇರೆಬೇರೆಯಾಗಿ ನಡೆಯುತ್ತದೆ. ಹಾಗಾಗಿ ಒಂದೇ ಅಡಿಕೆ ಒಳ್ಳೆಯದೆಂದೂ ಪಟೋರವೆಂದೂ ಎರಡು ಬಾಕ್ಸ್ ಪಡೆದು ಎರಡೂ ಉಳಿಯಬಹುದು. ಎಣಿಕೆ ಹೆಚ್ಚು ಬರುತ್ತಿದ್ದರೆ ದರ್ಜೆ ನೋಡದೆ ಅಳಿಸುವಂತೆ ಬದಲಿಸಿ.

ಎರಡು ಅಡಿಕೆ ಸೇರಿ ಒಂದಾಗಿ ಬರುವುದಕ್ಕೆ ಎಷ್ಟೋ ಜನ ಎನ್‌ಎಂಎಸ್ ಮಿತಿಯನ್ನು ಮೇಲೆ ಕೆಳಗೆ ಮಾಡುತ್ತ ಕೂರುತ್ತಾರೆ. ಲೆಕ್ಕ ಹಾಕಿ ನೋಡಿ: ಒಂದೇ ಪದರದಲ್ಲಿ ತಾಗಿ ನಿಂತ ಸಮಗಾತ್ರದ ಎರಡು ದುಂಡು ಅಡಿಕೆಗಳ ಬಾಕ್ಸುಗಳು ಓರೆಯಾಗಿದ್ದಾಗ ಅತಿ ಹೆಚ್ಚು ಹಾಸಿಕೊಳ್ಳುತ್ತವೆ, ಆಗಲೂ ಹಾಸಿಕೊಂಡ ಭಾಗ ಎರಡೂ ಬಾಕ್ಸ್ ಸೇರಿ ಆವರಿಸುವ ಜಾಗದ 0.05 ಪಾಲನ್ನು ಮುಟ್ಟುವುದಿಲ್ಲ. ಈ ಪಾಲು ಎಷ್ಟು ದಾಟಿದರೆ ಬಾಕ್ಸ್ ಅಳಿಸಬೇಕು ಎಂಬ ವಾಡಿಕೆಯ ಮಿತಿ 0.5ರ ಸುತ್ತಮುತ್ತ. ಆದ್ದರಿಂದ ಒಂದೇ ಪದರದಲ್ಲಿ ಹೀಗಾಗುತ್ತಿದ್ದರೆ ಎನ್‌ಎಂಎಸ್ ಅನ್ನು ದೂರಬೇಡಿ. ಲೇಬಲ್ ಹಾಕುವಾಗ ಯಾರೋ ಜೋಡಿ ಅಡಿಕೆಗೆ ಒಂದೇ ಬಾಕ್ಸ್ ಎಳೆದಿದ್ದಾರೆಯೇ ಎಂದು ಹುಡುಕಿ. ಒಂದರ ಮೇಲೊಂದು ಬೀಳುತ್ತಿದ್ದರೆ ಅಡಿಕೆ ಸುರಿಯುವ ಕಡೆ ಕಂಪನ ಹಲಗೆ ಹಾಕಿ, ಪದರ ಒಂದೇ ಆಗುವಂತೆ ಮಾಡಿ.

ಗುರುತು ಸರಿ, ಹಾರುವುದು ಪಕ್ಕದ ಅಡಿಕೆ

ಫ್ರೇಮ್ ಹಿಡಿದ ಕ್ಷಣದಿಂದ ನಳಿಕೆ ತೆರೆಯುವ ತನಕ 120 ಮಿಲಿಸೆಕೆಂಡು ಲೆಕ್ಕಕ್ಕೆ ಸಿಗದೆ ಹೋದರೆ ಬೆಲ್ಟ್ 60 ಮಿ.ಮೀ. ಮುಂದೆ ಹೋಗಿರುತ್ತದೆ, ಎರಡು ಅಡಿಕೆಯ ದೂರ. ಕೆಂಪು ಬಣ್ಣ ಬಳಿದ ಒಂದೇ ಅಡಿಕೆಯನ್ನು ಬಿಟ್ಟು, ಗಾಳಿ ಎಲ್ಲಿ ಊದುತ್ತದೆ ಎಂದು ಗುರುತು ಹಾಕಿ. ವ್ಯತ್ಯಾಸ ಪ್ರತಿ ಸಲ ಒಂದೇ ಇದ್ದರೆ ದೂರದ ಅಥವಾ ಸಮಯದ ಅಳತೆ ತಪ್ಪಾಗಿದೆ, ಒಂದು ಅಂಕಿ ತಿದ್ದಿದರೆ ಮುಗಿಯಿತು. ಅಡಿಕೆ ದಟ್ಟವಾದಾಗ ವ್ಯತ್ಯಾಸವೂ ಹೆಚ್ಚಿದರೆ ಕಾರಣ ತಂತ್ರಾಂಶದಲ್ಲಿದೆ. ಓಪನ್‌ಸಿವಿಯ ಕ್ಯಾಮೆರಾ ಸಾಲಿನಲ್ಲಿ ಹಳೆಯ ಫ್ರೇಮ್‌ಗಳು ಕಾದು ನಿಂತಿರುತ್ತವೆ, ಮಾಡೆಲ್ ನಿಧಾನವಾದಷ್ಟೂ ನೀವು ಹಿಂದಿನ ಕ್ಷಣವನ್ನು ನೋಡುತ್ತೀರಿ. ಫ್ರೇಮ್ ಓದುವ ಕೆಲಸವನ್ನು ಪ್ರತ್ಯೇಕ ಥ್ರೆಡ್‌ಗೆ (ಮುಖ್ಯ ಕೆಲಸದ ಜೊತೆಯಲ್ಲೇ ಓಡುವ ಇನ್ನೊಂದು ಎಳೆಗೆ) ಕೊಟ್ಟು ಇತ್ತೀಚಿನದನ್ನು ಮಾತ್ರ ಉಳಿಸಿಕೊಳ್ಳಿ. ಬೆಲ್ಟಿನ ರೋಲರಿಗೆ ಅದು ಎಷ್ಟು ತಿರುಗಿತು ಎಂದು ಅಳೆಯುವ ಎನ್‌ಕೋಡರ್ ಹಾಕಿ, ಗಡಿಯಾರದ ಬದಲು ಬೆಲ್ಟ್ ಎಷ್ಟು ಸರಿದಿದೆ ಎಂಬುದರ ಮೇಲೆ ನಳಿಕೆ ತೆರೆಯಿರಿ. ಆಗ ಬೆಲ್ಟಿನ ವೇಗ ಏರಿಳಿದರೂ ಚಿಂತೆಯಿಲ್ಲ.

ಪರೀಕ್ಷೆಯ ಅಂಕ ಚೆನ್ನಾಗಿದೆ, ಕೆಲಸ ಚೆನ್ನಾಗಿಲ್ಲ

ಪರೀಕ್ಷೆಯ ಚಿತ್ರಗಳನ್ನು ಹೇಗೆ ಬೇರ್ಪಡಿಸಿದಿರಿ ಎಂದು ಕೇಳಿಕೊಳ್ಳಿ. ಸೆಕೆಂಡಿಗೆ 30 ಫ್ರೇಮಿನ ವೀಡಿಯೋದಲ್ಲಿ, ನಮ್ಮ ಅಳತೆಯ ಯಂತ್ರದಲ್ಲಿ, ಒಂದೇ ಅಡಿಕೆ ಸುಮಾರು 20 ಫ್ರೇಮ್‌ಗಳಲ್ಲಿ ಕಾಣುತ್ತದೆ. ಫ್ರೇಮ್‌ಗಳನ್ನು ಕಲಸಿ, ಹತ್ತರಲ್ಲೆರಡನ್ನು ಪರೀಕ್ಷೆಗೆಂದು ಎತ್ತಿಟ್ಟರೆ ಕಲಿತ ಅಡಿಕೆಯೇ ಪರೀಕ್ಷೆಗೂ ಬರುತ್ತದೆ. ಆ ಅಂಕಕ್ಕೆ ಅರ್ಥವಿಲ್ಲ. ಮೂಟೆ ಮೂಟೆಯಾಗಿ ಬೇರ್ಪಡಿಸಿ: ಪರೀಕ್ಷೆಯ ಮೂಟೆಯ ಒಂದು ಅಡಿಕೆಯೂ ತರಬೇತಿಯಲ್ಲಿ ಇರಬಾರದು. ಬೇರೆ ತೋಟದ, ಬೇರೆ ದಿನ ಸುಲಿದ ಮೂಟೆಯಾದರೆ ಇನ್ನೂ ಒಳ್ಳೆಯದು.

ಒಟ್ಟು ಸರಾಸರಿಯನ್ನೂ ನಂಬಬೇಡಿ. ನೂರರಲ್ಲಿ ಐದು ಪಟೋರ ಇರುವ ಮೂಟೆಯಲ್ಲಿ ಎಲ್ಲವನ್ನೂ ಒಳ್ಳೆಯದೆಂದು ಬಿಟ್ಟರೂ 95 ಅಂಕ ಬರುತ್ತದೆ. ದರ್ಜೆವಾರು ಎಷ್ಟು ಹಿಡಿಯಿತು, ಹಿಡಿದದ್ದರಲ್ಲಿ ಎಷ್ಟು ನಿಜ ಎಂದು ಬೇರೆಬೇರೆ ಬರೆದುಕೊಳ್ಳಿ. ಹಾಗೆಯೇ ಇಬ್ಬರು ಅನುಭವಸ್ಥರಿಂದ ಅದೇ ರಾಶಿಯನ್ನು ಒಬ್ಬರಿಗೊಬ್ಬರು ಕೇಳದಂತೆ ಆರಿಸಿ ನೋಡಿ. ಅವರೇ ಹತ್ತರಲ್ಲಿ ಒಂದನ್ನು ಬೇರೆಬೇರೆ ದರ್ಜೆಗೆ ಹಾಕಿದರೆ, ಆ ಒಂದರಲ್ಲಿ ಮಾಡೆಲ್ ಯಾವ ಉತ್ತರ ಕೊಟ್ಟರೂ ಯಾರಾದರೊಬ್ಬರಿಗೆ ತಪ್ಪೇ. ಆ ಗಡಿ ಅಡಿಕೆಗಳನ್ನು ಮೇಜಿನ ಮೇಲಿಟ್ಟು ಇಬ್ಬರನ್ನೂ ಕೂರಿಸಿ ನಿಯಮ ಮಾಡಿಸಿ, ಲೇಬಲ್ ತಿದ್ದಿ. ಕೋಡು ಬರೆಯುವವರು ತಾವೇ ದರ್ಜೆ ತೀರ್ಮಾನಿಸುವುದು ಸಲ್ಲದು. ಆ ತಿಳಿವಳಿಕೆ ವರ್ಷಗಟ್ಟಲೆ ಆರಿಸಿದವರ ಕೈಯಲ್ಲಿದೆ, ಅದಕ್ಕೆ ತಕ್ಕ ಕೂಲಿಯನ್ನೂ ಅವರಿಗೆ ಕೊಡಬೇಕು.

ಇನ್ನೊಂದು ಅಡಗಿದ ದೋಷ ಹಿನ್ನೆಲೆಯದ್ದು. ಕರಿಗೋಟಿನ ಫೋಟೋಗಳೆಲ್ಲ ಗೋಣಿಯ ಮೇಲೆ, ಬಿಳಿ ಅಡಿಕೆಯವೆಲ್ಲ ಬೆಲ್ಟಿನ ಮೇಲೆ ತೆಗೆದಿದ್ದರೆ ಮಾಡೆಲ್ ಗೋಣಿಯನ್ನು ಕಲಿತಿರಬಹುದು. ಬಿಳಿ ಅಡಿಕೆಯನ್ನು ಗೋಣಿಯ ಮೇಲಿಟ್ಟು ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ. 2018ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಶೋಧಕರು ಕಾಡಿನ ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳಲ್ಲಿ ಇದನ್ನೇ ತೋರಿಸಿದರು: ಕೆಲವು ಜಾಗಗಳ ಚಿತ್ರದಲ್ಲಿ ಪ್ರಾಣಿಗಳನ್ನು ಚೆನ್ನಾಗಿ ಗುರುತಿಸಲು ಕಲಿತ ಮಾಡೆಲ್, ಅವೇ ಪ್ರಾಣಿಗಳನ್ನು ಹೊಸ ಜಾಗದಲ್ಲಿ ಗುರುತಿಸುವಾಗ ಎಡವಿತು. ರಸ್ತೆಯ ಕ್ಯಾಮೆರಾಗಳಿಗೂ ಈ ಮಾತು ಸಲ್ಲುತ್ತದೆ. ಮಾಡೆಲ್‌ಗಳಿಗೆ ಕಲಿಸಲು ಜಗತ್ತೆಲ್ಲ ಬಳಸುವ ಚಿತ್ರಸಂಗ್ರಹವಾದ ಕೋಕೋ ಡೇಟಾಸೆಟ್‌ನ 80 ವಸ್ತುಗಳಲ್ಲಿ ಆಟೋರಿಕ್ಷಾ ಇಲ್ಲ. ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳಲ್ಲಿ ಚಿತ್ರ ಹಿಡಿದು, ಆಟೋವನ್ನು ಪ್ರತ್ಯೇಕ ವರ್ಗವಾಗಿ ಗುರುತು ಮಾಡಿದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಬಂದ ಮೇಲೆ ನಮ್ಮ ರಸ್ತೆಗೆ ಹೊಂದುವ ಮಾಡೆಲ್ ಕಟ್ಟುವವರಿಗೆ ಒಂದು ಆಧಾರ ಸಿಕ್ಕಿತು. ಅಡಿಕೆಗೆ ಅಂಥ ಆಧಾರವನ್ನು ನಾವೇ ನಮ್ಮ ಬೆಲ್ಟಿನಿಂದ ಕಟ್ಟಿಕೊಳ್ಳಬೇಕು.

ತಿಂಗಳುಗಟ್ಟಲೆ ಸರಿಯಿದ್ದು ಈಗ ಕೆಟ್ಟಿದೆ

ಗಾಜು ಒರೆಸಿ. ಸುಲಿದ ಅಡಿಕೆಯ ಧೂಳು ಲೆನ್ಸಿನ ಮೇಲೆ ತೆಳುವಾಗಿ ಕೂತು ಬಣ್ಣದ ವ್ಯತ್ಯಾಸವನ್ನೆಲ್ಲ ಮಂಕು ಮಾಡುತ್ತದೆ. ಬೆಲ್ಟಿನ ಅಂಚಿನಲ್ಲಿ ಕ್ಯಾಮೆರಾಗೆ ಕಾಣುವ ಹಾಗೆ ಬಿಳಿ, ಬೂದು, ಕಂದು ಚೌಕಗಳಿರುವ ಒಂದು ಕಾರ್ಡು ಅಂಟಿಸಿ. ದಿನವೂ ಬೆಳಿಗ್ಗೆ ಕಾರ್ಡನ್ನು ಒರೆಸಿ, ಆ ಚೌಕಗಳ ಸರಾಸರಿ ಬೆಲೆಯನ್ನು ತಂತ್ರಾಂಶವೇ ಬರೆದಿಡಲಿ. ಬೆಳಕು ಕುಗ್ಗಿದರೂ ಧೂಳು ಕೂತರೂ ಕ್ಯಾಮೆರಾ ಸೆಟ್ಟಿಂಗ್ ಬದಲಾದರೂ ಅಂಕಿ ಸರಿಯುತ್ತದೆ. ಕಾರ್ಡು ಸ್ಥಿರವಾಗಿದ್ದು ಫಲಿತಾಂಶ ಮಾತ್ರ ಕೆಟ್ಟಿದ್ದರೆ ಬದಲಾದದ್ದು ಅಡಿಕೆ: ಹೊಸ ಚಾಲಿ ಬಂದಿದೆ, ಅಥವಾ ಕಲಿತದ್ದು ಹೊಸದರಲ್ಲಿ, ಈಗ ಹರಿಯುತ್ತಿರುವುದು ಹಳೆ ಚಾಲಿ.

ಮತ್ತೆ ತರಬೇತಿ ಕೊಡುವ ಹೊತ್ತು ಇದು. ಆಗಲೂ ಕಂಡಕಂಡ ಫೋಟೋ ಸೇರಿಸಬೇಡಿ. ಯಂತ್ರ ತಪ್ಪಿದ ಅಡಿಕೆಗಳನ್ನೂ, ಖಚಿತತೆ 0.4ರಿಂದ 0.6ರ ನಡುವೆ ತೂಗಾಡಿದವನ್ನೂ ಮೊದಲು ಆರಿಸಿ. ಬಂದ ಹೊಸ ಮೂಟೆಗಳಲ್ಲಿ ಒಂದನ್ನು ಪರೀಕ್ಷೆಗೆಂದೇ ಮುಟ್ಟದೆ ಎತ್ತಿಡಿ. ಹಳೆಯ ಪರೀಕ್ಷೆಯ ಮೂಟೆಯ ಚಿತ್ರಗಳನ್ನೂ ಜೊತೆಗೇ ಓಡಿಸಿ, ಹೊಸದನ್ನು ಕಲಿಯುವಾಗ ಹಳೆಯದನ್ನು ಮರೆತಿದೆಯೇ ನೋಡಿ. ಎರಡರಲ್ಲೂ ಪಟೋರದ ಹಿಡಿತ ಹೆಚ್ಚಿದ್ದರೆ ಮಾತ್ರ ಹೊಸ ಮಾಡೆಲನ್ನು ಬೋರ್ಡಿಗೆ ಹಾಕಿ, ಹಾಕಿದ ಮೇಲೆ ಮೊದಲ ಪರೀಕ್ಷೆಯ ಅದೇ ಪಿಎನ್‌ಜಿ ಕಡತವನ್ನು ಲ್ಯಾಪ್‌ಟಾಪಿನಲ್ಲೂ ಬೋರ್ಡಿನಲ್ಲೂ ಇನ್ನೊಮ್ಮೆ ಓಡಿಸಿ ತಾಳೆ ನೋಡಿ.